ಸಿಎಸ್‌ಆರ್ ದುಡ್ಡು ಕೊಡಿಸುತ್ತೇವೆ ಎಂದು ಬಂದವರು ಟ್ರಸ್ಟಿನ ಖಾತೆಯನ್ನೇ ಹಿಡಿದುಕೊಂಡರು

ಉಡುಪಿ, ಮಂಗಳೂರು ಕಡೆ ಟ್ರಸ್ಟು, ಸೇವಾ ಸಂಘ, ಯುವಕ ಮಂಡಲ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ ಎಲ್ಲರಿಗೂ ಕಳಿಸಿ. "ನಮ್ಮ ಖಾತೆಯಲ್ಲಿ ಇರುವುದೇ ಅಷ್ಟಿಷ್ಟು, ಕಳ್ಳರಿಗೆ ಏನು ಸಿಗುತ್ತದೆ" ಎಂಬ ಮಾತು ಪ್ರತಿ ಸಮಿತಿಯಲ್ಲೂ ಕೇಳಿಬರುತ್ತದೆ. ನಮ್ಮಲ್ಲಿಗೆ ಬಂದವರಿಗೆ ಬೇಕಿದ್ದದ್ದು ಟ್ರಸ್ಟಿನ ಹೆಸರಿನ ಆ ಕರೆಂಟ್ ಅಕೌಂಟೇ. ಅದರೊಳಗೆ ಎಷ್ಟಿದೆ ಎಂದು ಅವರು ಕೇಳಲೂ ಇಲ್ಲ.

ನಮ್ಮದು ಉಡುಪಿ ಹತ್ತಿರದ ಸಣ್ಣ ಟ್ರಸ್ಟ್. ಬಡ ಮಕ್ಕಳ ಕಾಲೇಜು ಫೀಸು, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಹಾಯ, ಇಷ್ಟೇ ಕೆಲಸ. ಊರಿನವರು, ಮುಂಬಯಿಯಲ್ಲಿ ಹೋಟೆಲು ನಡೆಸುವವರು ಕೊಡುವ ದುಡ್ಡಿನಲ್ಲಿ ನಡೆಯುತ್ತದೆ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು, ಊರಿಗೆಲ್ಲ ಮಾಷ್ಟ್ರು. ನಾನು ಜೊತೆ ಕಾರ್ಯದರ್ಶಿ.

ಮಾಷ್ಟ್ರಿಗೆ ಒಂದು ದಿನ ಫೋನು ಬಂತು. ದೊಡ್ಡ ಕಂಪನಿಯೊಂದರ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು, ಅದನ್ನು ನೋಡಿಕೊಳ್ಳುವವನಂತೆ. ನಮ್ಮ ನೋಂದಣಿ ವಿವರ, ಪದಾಧಿಕಾರಿಗಳ ಹೆಸರು, ವಿದ್ಯಾರ್ಥಿವೇತನ ಕೊಟ್ಟ ಕಾರ್ಯಕ್ರಮ ಎಲ್ಲ ಅವನ ಬಾಯಲ್ಲಿತ್ತು. ಅದೇ ಮಾಷ್ಟ್ರಿಗೆ ನಂಬಿಕೆ ತಂದದ್ದು. ಆದರೆ ಇವೆಲ್ಲ ಯಾರು ಬೇಕಾದರೂ ನೋಡಬಹುದಾದ ವಿಷಯ. ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲಿನಲ್ಲಿ ಸಂಸ್ಥೆಯ ವಿವರ ಇರುತ್ತದೆ, ಉಳಿದದ್ದನ್ನು ನಾವೇ ಫೋಟೋ ಸಮೇತ ಫೇಸ್‌ಬುಕ್ಕಿಗೆ ಹಾಕಿರುತ್ತೇವೆ ಅಲ್ವಾ?

ಆಮೇಲೆ ಇಬ್ಬರು ಉಡುಪಿಗೇ ಬಂದರು. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ರೂಮು ಮಾಡಿ ಮಾಷ್ಟ್ರನ್ನೂ ಕೋಶಾಧಿಕಾರಿಯನ್ನೂ ಕರೆಸಿಕೊಂಡರು. ಲೆಟರ್‌ಹೆಡ್ಡು, ಸೀಲು, ಫೈಲು ಎಲ್ಲ ಜೋರಾಗಿಯೇ ಇತ್ತಂತೆ. ದೊಡ್ಡ ಮೊತ್ತ ಒಟ್ಟಿಗೆ ಬರುತ್ತದೆ, ನಿಮ್ಮ ಪಾಲು ನಿಮಗೆ, ಉಳಿದದ್ದು ನಿಮ್ಮ ಖಾತೆಯಿಂದಲೇ ಬೇರೆ ಟ್ರಸ್ಟುಗಳಿಗೆ ಹೋಗುತ್ತದೆ ಎಂದರು. ಅದಕ್ಕಾಗಿ ನೆಟ್‌ಬ್ಯಾಂಕಿಂಗ್ ಮಾಡಿಸಿ, ದಿನದ ಮಿತಿ ಏರಿಸಬೇಕು. ಆಡಿಟರ್ ಒಮ್ಮೆ ನೋಡಬೇಕು, ಯೂಸರ್ ಐಡಿ, ಪಾಸ್‌ವರ್ಡ್ ಕೊಡಬೇಕು. ಫೋನಿಗೆ ಅವರು ಕಳಿಸುವ ಆ್ಯಪ್ ಹಾಕಿಕೊಳ್ಳಬೇಕು.

ಆ ಆ್ಯಪ್ ವಾಟ್ಸಾಪ್‌ನಲ್ಲಿ ಎಪಿಕೆ ಫೈಲಾಗಿ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕಿಕೊಳ್ಳುವ ಫೈಲಾಗಿ ಬಂತು. ಒತ್ತಿದ ಕೂಡಲೇ ಫೋನಿನಲ್ಲೇ ಇರುವ ಗೂಗಲ್‌ನ ರಕ್ಷಣೆ ಪ್ಲೇ ಪ್ರೊಟೆಕ್ಟ್ ತಡೆಯಿತು, ಇದು ಅಪಾಯ ಎಂದು ತೋರಿಸಿತು. ಬಂದವರಲ್ಲಿ ಒಬ್ಬ ಫೋನನ್ನು ಕೈಗೆ ತೆಗೆದುಕೊಂಡು, "ಇದು ಕಂಪನಿಯ ಒಳಗಿನ ಆ್ಯಪ್ ಸರ್, ಪ್ಲೇ ಸ್ಟೋರ್‌ನಲ್ಲಿ ಇರುವುದಿಲ್ಲ" ಎನ್ನುತ್ತಾ ಆ ರಕ್ಷಣೆಯನ್ನೇ ಆಫ್ ಮಾಡಿದ. ಎಸ್‌ಎಂಎಸ್ ಓದುವ ಅನುಮತಿಯನ್ನೂ ಅವನೇ ಒತ್ತಿದ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರ್ ಇದ್ದದ್ದು ಕೋಶಾಧಿಕಾರಿಯ ಅದೇ ಫೋನಿನಲ್ಲಿ. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿ ನೇರ ಅವರ ಕೈಗೆ ಹೋಗುತ್ತಿತ್ತು. ಕೋಶಾಧಿಕಾರಿಗೆ ಅದು ಗೊತ್ತೇ ಆಗಲಿಲ್ಲ.

ಉಳಿದವರಿಗೆ ವಿಷಯ ಗೊತ್ತಾದದ್ದು ಬ್ಯಾಂಕಿನವರು ಫೋನು ಮಾಡಿದ ಮೇಲೆ. ಮ್ಯಾನೇಜರ್ ಸ್ಟೇಟ್‌ಮೆಂಟಿನ ಪ್ರಿಂಟ್ ಕೊಟ್ಟರು. ನಮ್ಮ ಒಂದು ತಿಂಗಳ ವ್ಯವಹಾರ ಅರ್ಧ ಪುಟ ತುಂಬಿದರೆ ಹೆಚ್ಚು. ಇದರಲ್ಲಿ ಒಂದು ಶನಿವಾರ ರಾತ್ರಿ ಮತ್ತು ಭಾನುವಾರದ್ದೇ ಪುಟಗಟ್ಟಲೆ ಇತ್ತು. ಯಾರೋ ಗೊತ್ತಿಲ್ಲದವರ ಹೆಸರಿನಲ್ಲಿ ಎರಡು ಲಕ್ಷ ಬರುತ್ತದೆ, ಅದೇ ನಿಮಿಷ ತುಂಡು ತುಂಡಾಗಿ ಐಎಂಪಿಎಸ್‌ನಲ್ಲಿ, ಅಂದರೆ ರಜೆಯಲ್ಲೂ ತಕ್ಷಣ ದುಡ್ಡು ಕಳಿಸುವ ವ್ಯವಸ್ಥೆಯಲ್ಲಿ, ಹೊರಗೆ ಹೋಗುತ್ತದೆ. ಮತ್ತೆ ಇನ್ನೊಂದು ಹೆಸರು, ಮತ್ತೆ ಅದೇ. ಬ್ಯಾಂಕಿಗೆ ರಜೆ ಇರುವ ಹೊತ್ತನ್ನೇ ಅವರು ಆರಿಸಿದ್ದರು.

ಆ ಹೆಸರುಗಳೆಲ್ಲ ಬೇರೆ ಬೇರೆ ರಾಜ್ಯಗಳಲ್ಲಿ ಮೋಸ ಹೋದವರದ್ದು. ಒಬ್ಬರು ನಿವೃತ್ತ ಮಹಿಳೆ. ವಿಡಿಯೋ ಕಾಲ್‌ನಲ್ಲಿ ಪೊಲೀಸರ ವೇಷ ಹಾಕಿ, ನಿಮ್ಮದು ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಅವರಿಂದ ದುಡ್ಡು ಹಾಕಿಸಿಕೊಂಡಿದ್ದಾರೆ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ, ಆದರೆ ಒಂಟಿಯಾಗಿರುವವರು ಹೆದರುತ್ತಾರೆ. ಸೇವಾ ಟ್ರಸ್ಟಿನ ಹೆಸರು ಕಂಡರೆ ದುಡ್ಡು ಹಾಕುವವರಿಗೂ ಸಂಶಯ ಬರುವುದಿಲ್ಲ, ಕರೆಂಟ್ ಅಕೌಂಟಿನಲ್ಲಿ ದೊಡ್ಡ ಮೊತ್ತ ಓಡಾಡಿದರೂ ಬೇಗ ಎದ್ದು ಕಾಣುವುದಿಲ್ಲ. ಮೋಸದ ದುಡ್ಡು ಸಾಗಿಸಲು ಬಳಸುವ ಇಂಥ ಖಾತೆಗಳನ್ನು ಪೊಲೀಸರು, ಬ್ಯಾಂಕಿನವರು ಮ್ಯೂಲ್ ಅಕೌಂಟ್ ಎನ್ನುತ್ತಾರೆ. ಆ ಹೆಂಗಸಿನ ಉಳಿತಾಯ ನಮ್ಮ ಟ್ರಸ್ಟಿನ ಹೆಸರಿನ ಮೂಲಕ ಹಾದುಹೋಯಿತು ಎಂಬುದು ನನಗೆ ಈಗಲೂ ಸಂಕಟ.

ಬೇರೆ ರಾಜ್ಯದ ಪೊಲೀಸರ ಸೂಚನೆ ಬಂದು ಖಾತೆ ಫ್ರೀಜ್ ಆಯಿತು. ಜೂನ್ ತಿಂಗಳು ಮಾರಾಯ್ರೆ, ಫೀಸು ಕಟ್ಟುವ ಸಮಯ. ನಮ್ಮದೇ ದೇಣಿಗೆ ದುಡ್ಡು ಒಳಗೆ ಸಿಕ್ಕಿಬಿದ್ದಿತ್ತು. ಡಯಾಲಿಸಿಸ್‌ನವರಿಗೆ ಕೊಡುವುದನ್ನು ಸಮಿತಿಯವರು ಕೈಯಿಂದ ಹಾಕಿ ನಡೆಸಿದರು. ಮಾಷ್ಟ್ರು ಈ ವಯಸ್ಸಿನಲ್ಲಿ ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಂಡವರೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅವರು ಜೀವನಪೂರ್ತಿ ಕಾಗದ, ಸೀಲು, ಸಹಿ ನೋಡಿ ನಂಬಿದವರು, ಬಂದವರಿಗೆ ಅದು ಗೊತ್ತಿತ್ತು. ಸಿಟ್ಟು ಬರಬೇಕಾದದ್ದು ಒಬ್ಬರೇ ಒಪ್ಪಿದರೆ ಕೆಲಸ ಮುಗಿಯುವ ನಮ್ಮ ವ್ಯವಸ್ಥೆಯ ಮೇಲೆ.

ನಿಜವಾದ ಸಿಎಸ್‌ಆರ್ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಇವರನ್ನು ಲಾಡ್ಜಿನಲ್ಲೇ ಹಿಡಿಯಬಹುದಿತ್ತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು. ಆ ದುಡ್ಡು ತೆಗೆದುಕೊಂಡು ಕೆಲಸ ಮಾಡುವ ಟ್ರಸ್ಟು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. ನಮ್ಮಲ್ಲಿ ಆ ನಂಬರೇ ಇರಲಿಲ್ಲ, ಬಂದವರು ಕೇಳಲೂ ಇಲ್ಲ. ಕಂಪನಿಯವರು ಯೋಜನೆಯ ವರದಿ ಕೇಳುತ್ತಾರೆ, ಒಪ್ಪಂದ ಮಾಡಿಕೊಳ್ಳುತ್ತಾರೆ, ಆಮೇಲೆ ಖರ್ಚಿನ ಲೆಕ್ಕ ಕೇಳುತ್ತಾರೆ. ದುಡ್ಡು ಹಾಕಲು ಅವರಿಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಾಕು. ಮನೆಗೆ ಉಡುಗೊರೆ ತಂದವರು ಕಪಾಟಿನ ಬೀಗದ ಕೈ ಕೇಳುತ್ತಾರಾ?

ಈಗ ನಮ್ಮಲ್ಲಿ ನೆಟ್‌ಬ್ಯಾಂಕಿಂಗ್‌ನಲ್ಲಿ ಒಬ್ಬರು ಎಂಟ್ರಿ ಮಾಡಿದರೆ ಇನ್ನೊಬ್ಬರು ಒಪ್ಪಿಗೆ ಕೊಡದೆ ದುಡ್ಡು ಹೋಗುವುದಿಲ್ಲ. ಇದಕ್ಕೆ ಮೇಕರ್-ಚೆಕರ್ ಎನ್ನುತ್ತಾರೆ, ನಿಮ್ಮ ಬ್ಯಾಂಕಿನಲ್ಲಿ ಇದೆಯಾ ಕೇಳಿ. ಬ್ಯಾಂಕಿನ ನಂಬರಿಗೆ ಬೇರೆಯೇ ಫೋನು, ಅದರಲ್ಲಿ ವಾಟ್ಸಾಪ್ ಕೂಡ ಇಲ್ಲ. ದಿನದ ಮಿತಿಯನ್ನು ಇಳಿಸಿದ್ದೇವೆ. ಟ್ರಸ್ಟಿನ ಜಿಮೇಲಿಗೆ ಎರಡು ಹಂತದ ದೃಢೀಕರಣ ಹಾಕಿದ್ದೇವೆ. ಇನ್ನೊಂದು ವಿಷಯ, ನಮ್ಮ ಕಡೆ ಮಹಾಸಭೆಯಲ್ಲಿ ಸಮಿತಿ ಬದಲಾಗುತ್ತದೆ, ಹಾರ ಹಾಕುತ್ತಾರೆ, ಆದರೆ ಇಮೇಲಿನ ಪಾಸ್‌ವರ್ಡ್ ಹಳೇ ಕಾರ್ಯದರ್ಶಿಯ ಮಗನ ಹತ್ತಿರವೇ ಉಳಿಯುತ್ತದೆ. ಬ್ಯಾಂಕಿನಲ್ಲಿ ಹಳೇ ನಂಬರೇ ಇರುತ್ತದೆ. ಪದಾಧಿಕಾರಿ ಬದಲಾದ ವಾರದಲ್ಲೇ ಇವೆಲ್ಲ ಬದಲಾಗಲೇಬೇಕು.

ದಾನಿಗಳ ವಿಷಯವನ್ನೂ ಮರೆಯಬೇಡಿ. ತೆರಿಗೆ ವಿನಾಯಿತಿಯ ರಸೀದಿ ಕೊಡುವ ಟ್ರಸ್ಟುಗಳು ವರ್ಷಕ್ಕೊಮ್ಮೆ ಆದಾಯ ತೆರಿಗೆ ಇಲಾಖೆಗೆ ದೇಣಿಗೆಯ ವಿವರ ಕೊಡಲು ದಾನಿಗಳ ಪ್ಯಾನ್, ವಿಳಾಸ ಇಟ್ಟುಕೊಂಡಿರುತ್ತವೆ. ನಮ್ಮಲ್ಲಿ ಆ ಪಟ್ಟಿ ಇದ್ದದ್ದೂ ಅದೇ ಫೋನಿನಲ್ಲಿ. ಅದು ಅವರ ಕೈಗೆ ಹೋಗಿರಬಹುದು ಎಂದು ಪ್ರತಿ ದಾನಿಗೂ ಫೋನು ಮಾಡಿ ತಿಳಿಸಿದೆವು. ಹೇಳದೆ ಇದ್ದಿದ್ದರೆ ನಮ್ಮ ಹೆಸರು ಹೇಳಿಕೊಂಡೇ ಅವರಿಗೂ ಬಲೆ ಬೀಸುತ್ತಿದ್ದರು.

ನಿಮ್ಮಲ್ಲಿ ಈಗಾಗಲೇ ಹೀಗಾಗಿದ್ದರೆ ತಕ್ಷಣ 1930ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟೂ ದುಡ್ಡು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿ, ಉಡುಪಿ ಅಥವಾ ಮಂಗಳೂರಿನ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ. ಫೋನಿನ ಡೇಟಾ, ವೈಫೈ ಬಂದ್ ಮಾಡಿ, ಸಿಮ್ ತೆಗೆಯಿರಿ. ಆದರೆ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಆ ಆ್ಯಪ್, ಆ ಚಾಟ್ ಎಲ್ಲ ಸಾಕ್ಷಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ಖಾತೆ ಫ್ರೀಜ್ ಆಗಿದ್ದರೆ ಸುಮ್ನೆ ಬ್ಯಾಂಕಿಗೆ ಅಲೆಯುವುದರಿಂದ ಆಗುವುದಿಲ್ಲ. ಯಾವ ಠಾಣೆಯ ಸೂಚನೆ, ದೂರಿನ ನಂಬರ್ ಯಾವುದು, ಎಷ್ಟು ಮೊತ್ತಕ್ಕೆ ತಕರಾರು ಎಂದು ಬರವಣಿಗೆಯಲ್ಲಿ ಕೇಳಿ. ಆಮೇಲೆ ಆ ತನಿಖಾಧಿಕಾರಿಗೆ ಟ್ರಸ್ಟ್ ಡೀಡು, ಠರಾವು, ಆಡಿಟ್ ವರದಿ, ನಿಮ್ಮದೇ ದೂರಿನ ಪ್ರತಿ ಕಳಿಸಿ, ತಕರಾರಿನ ಮೊತ್ತ ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡಿ ಎಂದು ಕೇಳಿ. ನಮಗೆ ಹಾಗೆ ಉಳಿದ ದುಡ್ಡು ಸಿಕ್ಕಿದೆ. ಕೇಸು ನಡೆಯುತ್ತಿದೆ.

ಮೊನ್ನೆ ಕುಂದಾಪುರ ಕಡೆಯ ಒಂದು ಟ್ರಸ್ಟಿಗೂ ಇಂಥದೇ ಫೋನು ಬಂದಿದೆ, ಕಂಪನಿಯ ಹೆಸರು ಮಾತ್ರ ಬೇರೆ. ನಿಮಗೆ ಬಂದರೆ ದುಡ್ಡು ಹೋಗಿಲ್ಲವಲ್ಲ ಎಂದು ಬಿಟ್ಟುಬಿಡಬೇಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಚಕ್ಷು ಎಂಬ ವಿಭಾಗ ಇರುವುದೇ ಇದಕ್ಕೆ, ಆ ನಂಬರನ್ನು ಅಲ್ಲಿ ವರದಿ ಮಾಡಿ, ಪಕ್ಕದ ಊರಿನ ಟ್ರಸ್ಟಿನವರಿಗೂ ತಿಳಿಸಿ.