ಬೆನ್ನು ಟಕ್ ಅನ್ನಿಸಿಕೊಳ್ಳುವ ಮೊದಲು ನೋಂದಣಿ ಸಂಖ್ಯೆ ಕೇಳಿ

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ನಮ್ಮವರಿಗೆ, ಅದರಲ್ಲೂ ಕಾವಲಿ ಮುಂದೆ, ಗಲ್ಲಾದಲ್ಲಿ ದಿನವಿಡೀ ನಿಲ್ಲುವ ಹೋಟೆಲಿನವರಿಗೆ ಇದು. ಬೆನ್ನುನೋವು ಅಂತ ‘ಕೈರೋಪ್ರಾಕ್ಟರ್’ (ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ತಿರುಚಿ ಚಿಕಿತ್ಸೆ ಕೊಡುವವರು) ಬೋರ್ಡ್ ನೋಡಿ ಒಳಗೆ ಹೋಗುವ ಮುಂಚೆ ಪೂರ್ತಿ ಓದಿ. ನಮ್ಮ ಭಾವನವರು 24 ಸಿಟ್ಟಿಂಗ್‌ನ ಪ್ಯಾಕೇಜಿಗೆ 36,000 ರೂಪಾಯಿ ಮುಂಗಡ ಕಟ್ಟಿದರು. ದುಡ್ಡು ಹೋದದ್ದು ಹೋಯಿತು, ಕಾಲು ಇನ್ನೂ ಸರಿಯಾಗಿಲ್ಲ.

ಅವರಿಗಿದ್ದದ್ದು ಸೊಂಟದಿಂದ ಎಡಗಾಲಿಗೆ ಎಳೆಯುವ ನೋವು, ಪಾದದ ಮೇಲೆ ಜೋಮು. ಇಷ್ಟು ಕೇಳಿದರೆ ಸಾಕು, ಬೆನ್ನಿನ ಕೆಲಸ ಕಲಿತವರು ಮೊದಲು ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ಎಲ್ಲಿ ನೋವು ಹಿಡಿಯುತ್ತದೆ ಅಂತ ನೋಡುತ್ತಾರೆ. ಕಾಲಿನ ಹೆಬ್ಬೆರಳು ಮೇಲೆತ್ತಿಸಿ, ಅದನ್ನು ಕೆಳಗೆ ಒತ್ತಿ ಬಲ ಪರೀಕ್ಷಿಸುತ್ತಾರೆ. ಮಂಡಿಗೂ ಹಿಮ್ಮಡಿಯ ಹಿಂಭಾಗಕ್ಕೂ ಸಣ್ಣ ಸುತ್ತಿಗೆ ತಟ್ಟುತ್ತಾರೆ. ಮೂತ್ರ, ಮಲದ ಹಿಡಿತ ಸರಿಯಿದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ಬಹಳ ಕಾಲ ಸ್ಟೆರಾಯ್ಡ್ ತಿಂದಿದ್ದೀರೇ, ಬಿದ್ದಿದ್ದೀರೇ ಅಂತ ಕೇಳುತ್ತಾರೆ. ಕೇಳಿ ಬರೆದಿಡುತ್ತಾರೆ. ಇಲ್ಲಿ ಇದರಲ್ಲಿ ಒಂದೂ ಆಗಲಿಲ್ಲ. ಒಂದೂ! ಆ ಕೈರೋಪ್ರಾಕ್ಟರ್ ಅಂಗಿಯ ಮೇಲಿಂದಲೇ ಕೈಯಾಡಿಸಿ ‘ಎಲ್-4 ಜರುಗಿದೆ’ ಅಂದ, ಅಂದರೆ ಸೊಂಟದ ನಾಲ್ಕನೇ ಮೂಳೆ. ಮಗ್ಗುಲಿಗೆ ಮಲಗಿಸಿ, ಸೊಂಟ ತಿರುಚಿ ಜರ್ಕ್ ಕೊಟ್ಟ. ಟಕ್ ಅಂತು. ‘ಹಡ್ಡೀ ಬೈಠ್ ಗಯೀ, ಅಂಕಲ್.’

ಯಾವ ಮೂಳೆಯೂ ಕೂರಲಿಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದಾಗ ಅನಿಲದ ಗುಳ್ಳೆ ಉಂಟಾಗುವ ಸದ್ದು ಅದು. ಬೆರಳಿನ ನೆಟಿಕೆ ಮುರಿದಾಗ ಬರುವುದೂ ಅದೇ.

ಆಮೇಲೆ ಕುತ್ತಿಗೆ. ಕುತ್ತಿಗೆ ನೋವು ಅಂತ ಭಾವನವರು ಬಾಯಿಯನ್ನೇ ಬಿಟ್ಟಿರಲಿಲ್ಲ! ‘ಪ್ಯಾಕೇಜಲ್ಲಿ ಫುಲ್ ಸ್ಪೈನ್ ಇದೆ’ ಅಂತ ಅದನ್ನೂ ತಿರುಚಿದ. ಕುತ್ತಿಗೆಯ ಮೂಳೆಗಳ ತೂತಿನ ಮೂಲಕ ಮೆದುಳಿಗೆ ಹೋಗುವ ರಕ್ತನಾಳ ಇದೆ. ರಭಸದ ತಿರುಚಿಗೆ ಅದರ ಒಳಪದರ ಹರಿದು ಪಾರ್ಶ್ವವಾಯು ಹೊಡೆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಅಪರೂಪ, ನಿಜ. ಆದರೂ ಅಪಾಯ ಇರುವುದರಿಂದಲೇ, ಈ ಕೆಲಸಕ್ಕೆ ನಿಯಮ ಇರುವ ಕಡೆ ಮೊದಲು ಅದನ್ನು ತಿಳಿಸಿ ಒಪ್ಪಿಗೆ ಪಡೆಯುವುದು ಕಡ್ಡಾಯ. ಇಲ್ಲಿ ಒಪ್ಪಿಗೆ ಪತ್ರ ಅಂತ ಸಹಿ ಹಾಕಿಸಿಕೊಂಡ ಇಂಗ್ಲಿಷ್ ಹಾಳೆಯಲ್ಲಿ ಇದ್ದದ್ದು ಒಂದೇ ವಿಷಯ, ದುಡ್ಡು ವಾಪಸಿಲ್ಲ ಅಂತ.

ಕೆಲವು ಸಿಟ್ಟಿಂಗ್ ಆದ ಮೇಲೆ ಚಪ್ಪಲಿ ಕಾಲಿಂದ ಜಾರತೊಡಗಿತು, ಹೆಬ್ಬೆರಳು ಮೇಲೇಳುತ್ತಿಲ್ಲ. ವಾಟ್ಸಾಪಿನಲ್ಲಿ ಹೇಳಿದರೆ ಬಂದ ಉತ್ತರ: ‘ಇದು ಹೀಲಿಂಗ್, ಮೊದಲು ಹೆಚ್ಚಾಗುತ್ತೆ, ನಡುವೆ ಬಿಡಬೇಡಿ.’ ನರ ಸೋಲುತ್ತಿರುವ ಲಕ್ಷಣಕ್ಕೆ ಹೀಲಿಂಗ್ ಅಂತಾರೆ! ಎಂಆರ್‌ಐನಲ್ಲಿ ಎಲ್4–ಎಲ್5 ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಹೊರಬಂದು ನರ ಒತ್ತುತ್ತಿರುವುದು ಕಂಡಿತು. ತಿರುಚಿದ್ದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಮೊದಲ ದಿನ ಹೆಬ್ಬೆರಳಿಗೆ ಎಷ್ಟು ಬಲವಿತ್ತು ಅಂತ ಯಾರೂ ಬರೆದಿಟ್ಟಿಲ್ಲವಲ್ಲ. ದಾಖಲೆ ಇಲ್ಲದಿದ್ದರೆ ಆತ ಪಾರು. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಇನ್ನು ನೋಂದಣಿ. ‘ನಿಮ್ಮ ರಿಜಿಸ್ಟ್ರೇಷನ್ ನಂಬರ್ ಕೊಡಿ’ ಅಂದಾಗ ‘ಗೋಡೆ ಮೇಲಿದೆ, ಸರ್ಕಾರಿ ಮಾನ್ಯತೆ’ ಅಂದ. ಕಟ್ಟು ಹಾಕಿಸಿದ್ದ ಆ ಕಾಗದದ ಫೋಟೋ ದೊಡ್ಡದು ಮಾಡಿ ಓದಿದರೆ ಮೇಲೆ ಮರಾಠಿಯಲ್ಲಿ ‘ದುಕಾನೇ ವ ಆಸ್ಥಾಪನಾ’. ಅಂಗಡಿ ನಡೆಸಲು ಪಡೆಯುವ ಗುಮಾಸ್ತಾ ಲೈಸೆನ್ಸ್! ನಮ್ಮ ಪ್ರತಿ ಹೋಟೆಲಿನ ಗಲ್ಲಾದ ಹಿಂದೆ ನೇತಾಡುವ ಅದೇ ಕಾಗದ. ಪಕ್ಕದ್ದು ಉದ್ಯಮ್ ಸರ್ಟಿಫಿಕೇಟ್, ಸಣ್ಣ ಕೈಗಾರಿಕೆಯದ್ದು. ನಲವತ್ತು ವರ್ಷ ಹೋಟೆಲ್ ನಡೆಸಿದ ಭಾವನವರು ಅದನ್ನೇ ಡಾಕ್ಟರ ನೋಂದಣಿ ಅಂತ ನಂಬಿದ್ದರು. ತಿಳಿದ ಮೇಲೆ ನಾಚಿಕೆಯಿಂದ ಮಾತೇ ಆಡಲಿಲ್ಲ. ಮತ್ತೆ ಕೇಳಿದರೆ ಉತ್ತರ: ‘ನಮ್ಮದು ಇಂಟರ್‌ನ್ಯಾಷನಲ್, ಇಲ್ಲಿನ ಕೌನ್ಸಿಲ್ ನಮಗೆ ಬರಲ್ಲ.’ ಬೋರ್ಡಿನಲ್ಲಿ ಡಾಕ್ಟರ್, ಬಿಲ್ಲಿನಲ್ಲಿ ‘ವೆಲ್‌ನೆಸ್ ಸರ್ವಿಸ್’.

ಕೌನ್ಸಿಲ್ ಬರಲ್ಲ ಅಂದದ್ದು ಅರ್ಧ ನಿಜ, ಅದೇ ದೊಡ್ಡ ತೊಂದರೆ. ಕೈರೋಪ್ರಾಕ್ಟರ್‌ಗಳಿಗೆಂದೇ ನಮ್ಮ ದೇಶದಲ್ಲಿ ಕೌನ್ಸಿಲ್, ಅಂದರೆ ಹೆಸರು ನೋಂದಾಯಿಸಿ ದೂರು ಕೇಳುವ ಮಂಡಳಿ, ಇಲ್ಲ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಿದೆ, ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಇದೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದೆ ಕೈರೋಪ್ರಾಕ್ಟರ್ ಅಂತ ಹೇಳಿಕೊಂಡರೆ ಅಪರಾಧ, ನಡತೆ ಕೆಟ್ಟರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೈಸೆನ್ಸ್ ಬೋರ್ಡ್. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ ಕೇಳುತ್ತದೆ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೊರದೇಶದಲ್ಲಿ ಸರಿಯಾಗಿ ಕಲಿತು ಬಂದವರು ಇಲ್ಲೂ ಇದ್ದಾರೆ. ಅವರು ಲೈಸೆನ್ಸ್ ನಂಬರ್ ಕೊಡುತ್ತಾರೆ, ನೀವು ಮನೆಯಲ್ಲೇ ಕೂತು ಆ ಪಟ್ಟಿಯಲ್ಲಿ ಹುಡುಕಬಹುದು. ಫಿಸಿಯೋಥೆರಪಿಸ್ಟ್ ಅಂದರೆ ಮಹಾರಾಷ್ಟ್ರದ ಆಕ್ಯುಪೇಷನಲ್ ಥೆರಪಿ–ಫಿಸಿಯೋಥೆರಪಿ ಕೌನ್ಸಿಲ್‌ನ ನಂಬರ್ ಕೇಳಿ. ಎಂಬಿಬಿಎಸ್ ಅಂದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನದ್ದು. ಅಲ್ಲಿ ಹೆಸರಿದ್ದರೆ ದೂರು ಕೇಳುವವರಿದ್ದಾರೆ. ಎಲ್ಲೂ ಹೆಸರಿಲ್ಲದವನ ಮೇಲೆ ಯಾವ ಕೌನ್ಸಿಲ್‌ಗೆ ಹೋಗುತ್ತೀರಿ?

ಉಳಿಯುವುದು ಗ್ರಾಹಕ ಆಯೋಗ. ‘ನಾನ್ ರಿಫಂಡಬಲ್’ ಅಂತ ಬರೆದ ಮಾತ್ರಕ್ಕೆ ಅಲ್ಲಿನ ಬಾಗಿಲು ಮುಚ್ಚುವುದಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಘಟನೆಯಾದ 2 ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಹಾಯವಾಣಿ 1915. ಇದಕ್ಕೆ ಕಾಗದ ಬೇಕು: ಯುಪಿಐ ರಸೀದಿ, ವಾಟ್ಸಾಪ್ ಮಾತು, ಬೋರ್ಡಿನ ಫೋಟೋ, ಗೋಡೆಯ ಕಾಗದದ ಫೋಟೋ. ಜಗಳ ಶುರುವಾಗುವ ಮೊದಲೇ ತೆಗೆದಿಡಿ, ಆಮೇಲೆ ಬೋರ್ಡೇ ಬದಲಾಗುತ್ತದೆ. ಪ್ಯಾಕೇಜ್ ಬೇಡವೇ ಬೇಡ, ಒಂದೊಂದು ಸಿಟ್ಟಿಂಗಿಗೆ ಕೊಡಿ. ಪರೀಕ್ಷೆ ಮಾಡದೆ ಮೈಮೇಲೆ ಕೈ ಹಾಕಿದರೆ ಎದ್ದು ಬನ್ನಿ. ಕುತ್ತಿಗೆ ಮುಟ್ಟಬೇಡ ಅಂತ ಬಾಯಿಬಿಟ್ಟು ಹೇಳಿ.

ಕಾಲಿನ ಬಲ ಇಳಿಯುತ್ತಿದ್ದರೆ, ಕೂತಾಗ ಜಾಗಕ್ಕೆ ತಾಗುವ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಯಾವ ಸಿಟ್ಟಿಂಗಿಗೂ ಕಾಯಬೇಡಿ. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿನ ಕ್ಯಾಶುವಾಲಿಟಿಗೆ ಆ ರಾತ್ರಿಯೇ ಹೋಗಿ.