ಭದ್ರತಾ ಸಭಾಂಗಣಕ್ಕೆ ಎವಿ ವ್ಯವಸ್ಥೆ: ಸ್ವಿಚ್‌ಗಳಿಗೆ ಪೂರ್ತಿ ಅಂಕ, ಧ್ವನಿಗೆ ಅರ್ಧ

ಬೆಂಗಳೂರಿನ ಒಂದು ರಕ್ಷಣಾ ಸಂಸ್ಥೆಯ ಸಭಾಂಗಣಕ್ಕೆ ಹೊಸದಾಗಿ ಆಡಿಯೊ-ವಿಡಿಯೊ ವ್ಯವಸ್ಥೆ ಹಾಕಿಸಿದರು. ಟೆಂಡರ್‌ನ ತಾಂತ್ರಿಕ ಷರತ್ತು ಬರೆಯುವಾಗಿನಿಂದ ಕೊನೆಯ ಪರೀಕ್ಷೆವರೆಗೂ ನಾನು ಜೊತೆಗಿದ್ದೆ. ಸಂಸ್ಥೆಯ ಹೆಸರು, ಕೆಲಸ ಮಾಡಿದ ಕಂಪನಿಯ ಹೆಸರು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಬಿಇಎಲ್, ಎಚ್‌ಎಎಲ್, ಡಿಆರ್‌ಡಿಒ ಲ್ಯಾಬ್‌ಗಳು ಎಲ್ಲ ಇರುವ ಊರು ಇದು, ಇಂಥದ್ದೇ ಕೆಲಸ ನಾಳೆ ಯಾರ ಮೇಜಿಗಾದರೂ ಬರುತ್ತದೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಂಪರ್ಕ ಕಡಿತದ ವಿಷಯದಲ್ಲಿ, ಅಂದರೆ ಮೈಕ್, ಕ್ಯಾಮೆರಾ, ನೆಟ್‌ವರ್ಕ್‌ಗಳನ್ನು ಬೇರೆಬೇರೆ ಮಾಡಿಡುವುದರಲ್ಲಿ, ಈ ಕಂಪನಿ ಮಾಡಿದ ಕೆಲಸ ನಾನು ನೋಡಿದ್ದರಲ್ಲೇ ಚೆನ್ನಾಗಿದೆ. ಧ್ವನಿಯ ವಿಷಯದಲ್ಲಿ ನಿರಾಸೆ ಆಯಿತು.

ಮಾಮೂಲಿ ಆಫೀಸಿನ ಮೀಟಿಂಗ್ ರೂಮಿನಲ್ಲಿ ಎಲ್ಲವೂ ಒಂದಕ್ಕೊಂದು ಸೇರಿಕೊಂಡಿದ್ದರೆ ಸಾಕು, ಎಲ್ಲರಿಗೂ ಖುಷಿ. ಗೋಪ್ಯ ವಿಷಯ ಮಾತಾಡುವ ಹಾಲ್‌ನಲ್ಲಿ ಯಾವುದು ಯಾವಾಗ ಬೇರೆಯಾಗಿದೆ ಅನ್ನುವುದು ಮುಖ್ಯ, ಅದೂ ಬಾಗಿಲ ಹತ್ತಿರ ನಿಂತ ಜವಾನನಿಗೂ ಕಣ್ಣಿಗೆ ಕಾಣುವಂತೆ ಇರಬೇಕು. ಟಚ್ ಪ್ಯಾನೆಲ್ ಮೇಲೆ ಮೈಕ್ ಬಂದ್ ಆಗಿದೆ ಅಂತ ಕೆಂಪು ಚಿತ್ರ ತೋರಿಸಿದರೆ ಸಾಲದು. ಆ ಚಿತ್ರ ತೋರಿಸುತ್ತಿರುವುದೂ ಸಾಫ್ಟ್‌ವೇರೇ ಅಲ್ವಾ? ಅದು ತಪ್ಪು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ?

ಕಂಪನಿಯವರು ಇದನ್ನು ಸರಿಯಾಗಿ ಹಿಡಿದರು. ಮೇಜಿನ ಮೇಲೆ ಇರುವುದೆಲ್ಲ ಗೂಸ್‌ನೆಕ್ (ಬಾಗುವ ಕತ್ತಿನ) ಕಂಡೆನ್ಸರ್ ಮೈಕ್‌ಗಳು, ಎಲ್ಲವೂ ವೈರಿನವು. ಕಂಡೆನ್ಸರ್ ಮೈಕ್‌ಗೆ ಕೇಬಲ್ ಮೂಲಕವೇ 48 ವೋಲ್ಟ್ ಫ್ಯಾಂಟಮ್ ಪವರ್ ಹೋಗಬೇಕು, ಅದಿಲ್ಲದೆ ಮೈಕ್ ಕೆಲಸ ಮಾಡುವುದಿಲ್ಲ. ಅಧ್ಯಕ್ಷರ ಕುರ್ಚಿ ಪಕ್ಕ ಒಂದು ದಪ್ಪ ಸ್ವಿಚ್ ಇಟ್ಟು, ಅದನ್ನು ತಿರುಗಿಸಿದರೆ ಆ 48 ವೋಲ್ಟೇ ಕಟ್ ಆಗುವಂತೆ ಮಾಡಿದ್ದಾರೆ. ವಿಡಿಯೊ ಕಾನ್ಫರೆನ್ಸ್ ಯಂತ್ರಕ್ಕೆ ಬೇರೆಯೇ ರ‍್ಯಾಕ್, ಅದರದ್ದೇ ಕ್ಯಾಮೆರಾ, ಅದರದ್ದೇ ಮೈಕ್. ರ‍್ಯಾಕಿನ ಕರೆಂಟ್ ಕೀಲಿ ಹಾಕಿ ತಿರುಗಿಸಿದರೆ ಮಾತ್ರ ಬರುತ್ತದೆ. ಹಾಲ್‌ನ ಹೊರಗೆ ಕೆಂಪು ದೀಪ ಇದೆಯಲ್ಲ, ಅದು ಆ ಕರೆಂಟಿನ ಲೈನಿನ ಮೇಲೇ ಇದೆ. ಯಂತ್ರಕ್ಕೆ ಕರೆಂಟ್ ಬಂದರೆ ದೀಪ ಹತ್ತುತ್ತದೆ, ನಡುವೆ ಯಾವ ಪ್ರೋಗ್ರಾಮೂ ಇಲ್ಲ. ದೀಪದ ಬಲ್ಬ್ ಸುಟ್ಟರೆ ಏನು ಗತಿ ಅಂತ ಕೇಳಿದ್ದಕ್ಕೆ ಜೋಡಿ ದೀಪ ಹಾಕಿಕೊಟ್ಟರು. ಈ ಒಂದು ಭಾಗಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ.

ವೈರ್‌ಲೆಸ್ ಮೈಕ್ ಯಾಕೆ ಬೇಡ ಅಂತ ಖರೀದಿ ಸಭೆಯಲ್ಲಿ ತುಂಬಾ ಚರ್ಚೆ ಆಯಿತು. ಶೂರ್ ಕಂಪನಿಯ ಯುಎಲ್‌ಎಕ್ಸ್-ಡಿ ತರಹದ ಮೈಕ್‌ಗಳಲ್ಲಿ ಎಇಎಸ್-256 ಎನ್‌ಕ್ರಿಪ್ಷನ್ (ಮಾತನ್ನು ಗೂಢಲಿಪಿ ಮಾಡುವ ವಿಧಾನ) ಇದೆ, ಒಳ್ಳೆಯ ಮಾಲು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮಾತು ಅರ್ಥ ಆಗದಿದ್ದರೂ ರೇಡಿಯೊ ತರಂಗ ಗೋಡೆ ದಾಟಿ ಹೊರಗೆ ಹೋಗುತ್ತದೆ, ಒಳಗೆ ಈಗ ಸಭೆ ನಡೆಯುತ್ತಿದೆ ಅನ್ನುವುದಂತೂ ಗೊತ್ತಾಗುತ್ತದೆ. ಇನ್‌ಫ್ರಾರೆಡ್ ಮೈಕ್ ಆದರೆ ಗೋಡೆ ದಾಟುವುದಿಲ್ಲ, ಗಾಜು ದಾಟುತ್ತದೆ. ಈ ಹಾಲ್‌ಗೆ ಒಂದು ಕಡೆ ಪೂರ್ತಿ ಗಾಜು. ಹಾಗಾಗಿ ವೈರೇ ಸರಿ ಅಂತ ತೀರ್ಮಾನ ಆಯಿತು. ಮೇಜಿನ ಕೆಳಗೆ ಕೇಬಲ್ ಜಾಸ್ತಿ ಆಯಿತು ಅಂತ ಒಳಾಂಗಣ ವಿನ್ಯಾಸದವರು ಬೇಜಾರು ಮಾಡಿಕೊಂಡರು, ಪರವಾಗಿಲ್ಲ.

ವೇದಿಕೆಯ ಪಕ್ಕದ ಕಂಪ್ಯೂಟರ್‌ಗಳ ವಿಷಯ ಇನ್ನೂ ಸೂಕ್ಷ್ಮ. ಒಂದು ಒಳಗಿನ ನೆಟ್‌ವರ್ಕಿನದು, ಇನ್ನೊಂದು ಇಂಟರ್ನೆಟ್ ಇರುವುದು, ಎರಡಕ್ಕೂ ಒಂದೇ ಕೀಬೋರ್ಡ್, ಒಂದೇ ಪರದೆ. ಮಧ್ಯೆ ಕೆವಿಎಂ ಸ್ವಿಚ್ ಬೇಕು, ಅಂದರೆ ಒಂದೇ ಕೀಬೋರ್ಡ್, ಪರದೆ, ಮೌಸನ್ನು ಬೇಕಾದ ಕಂಪ್ಯೂಟರ್‌ಗೆ ಬದಲಾಯಿಸಿಕೊಡುವ ಪೆಟ್ಟಿಗೆ. ಇಲ್ಲಿ ಎಸ್‌ಪಿ ರಸ್ತೆಯಲ್ಲಿ ಸಿಗುವ ಮಾಮೂಲಿ ಕೆವಿಎಂ ಹಾಕಿ ದುಡ್ಡು ಉಳಿಸಲು ಹೋಗಬೇಡಿ, ದಯವಿಟ್ಟು. ಐಟಿ ಉಪಕರಣಗಳ ಭದ್ರತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಪಿ ಇಂಥ ಸ್ವಿಚ್‌ಗಳಿಗೆ 2019ರಲ್ಲಿ ಹೊರತಂದ 4.0 ಆವೃತ್ತಿಯ ಮಾನದಂಡಕ್ಕೆ ಪರೀಕ್ಷೆಯಾದ ಸ್ವಿಚ್‌ಗಳು ಬೇರೆ ಜಾತಿಯವು. ಕೀಬೋರ್ಡಿನ ಮಾಹಿತಿ ಒಂದೇ ದಿಕ್ಕಿಗೆ ಹೋಗುತ್ತದೆ, ಪೆನ್ ಡ್ರೈವ್ ಚುಚ್ಚಿದರೆ ಒಪ್ಪುವುದಿಲ್ಲ, ಕಂಪ್ಯೂಟರಿನಿಂದ ಧ್ವನಿ ಹೊರಗೆ ಬರಬಹುದು, ಅದರೊಳಗೆ ಹೋಗುವಂತಿಲ್ಲ. ಇದೇನು ಅತಿ ಅಂತ ಅನ್ನಿಸಿದರೆ ಇಸ್ರೇಲಿನ ಬೆನ್-ಗುರಿಯಾನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದನ್ನು ನೆನಪಿಸಿಕೊಳ್ಳಿ. ಮೈಕ್ ಇಲ್ಲದ ಸಾದಾ ಹೆಡ್‌ಫೋನನ್ನೇ ಸಾಫ್ಟ್‌ವೇರಿನಿಂದ ಮೈಕ್ ಆಗಿ ತಿರುಗಿಸಿ ಮಾತು ಹಿಡಿದಿದ್ದರು. ಕಂಪನಿ ಮೊದಲು ಕೊಟ್ಟ ಪಟ್ಟಿಯಲ್ಲಿ ಮಾಮೂಲಿ ಸ್ವಿಚ್ಚೇ ಇತ್ತು, ಆಕ್ಷೇಪ ಎತ್ತಿದ ಮೇಲೆ ಸರಿಯಾದದ್ದು ಬಂತು.

ದೊಡ್ಡ ಪರದೆಗೆ ಹೋಗುವ ಲೈನ್ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್. 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಎಚ್‌ಡಿಎಂಐ ಅನ್ನುವ ವಿಡಿಯೊ ಸಂಪರ್ಕದಲ್ಲಿ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಮಾಹಿತಿ ಹರಿಯಬೇಕು, ತಾಮ್ರದ ಉದ್ದ ಕೇಬಲ್ ಅಷ್ಟಕ್ಕೆ ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ತಾಮ್ರದ ತಂತಿ ಸೂಕ್ಷ್ಮವಾಗಿ ತರಂಗ ಹೊರಸೂಸುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕ ವಿಮ್ ವಾನ್ ಎಕ್ 1985ರಲ್ಲೇ ಮಾಮೂಲಿ ಟಿವಿ ಸೆಟ್ ಬಳಸಿ ದೂರದ ಕಂಪ್ಯೂಟರ್ ಪರದೆಯ ಚಿತ್ರ ಹಿಡಿದು ತೋರಿಸಿದ್ದರು. ಗಾಜಿನ ಎಳೆಯಲ್ಲಿ ಬೆಳಕು ಹೋಗುವುದರಿಂದ ಆ ಗೋಳು ಇಲ್ಲ. ಫೈಬರ್ ಎಳೆದ ಹುಡುಗರ ಕೈಕೆಲಸ ನಿಜಕ್ಕೂ ಚೆನ್ನಾಗಿತ್ತು, ಪ್ರತಿ ತುದಿಗೂ ಲೇಬಲ್, ಎರಡು ನೆಟ್‌ವರ್ಕಿಗೆ ಎರಡು ಬಣ್ಣ, ಟ್ರೇಗಳೂ ಬೇರೆ ಬೇರೆ.

ಇನ್ನು ಧ್ವನಿ. ಗ್ರಾನೈಟ್ ನೆಲ, ಒಂದು ಕಡೆ ಗಾಜು, ಮೇಲೆ ಜಿಪ್ಸಮ್ ಬೋರ್ಡ್. ಇಂಥ ಹಾಲ್‌ನಲ್ಲಿ ಮಾತು ಬಾವಿಯೊಳಗೆ ಕೂಗಿದ ಹಾಗೆ ಪ್ರತಿಧ್ವನಿಸುತ್ತದೆ. ಸಭೆಯ ಕೋಣೆಯಲ್ಲಿ ಪ್ರತಿಧ್ವನಿ ಸುಮಾರು 0.6 ಸೆಕೆಂಡಿನಲ್ಲಿ ಅಡಗಿದರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಇದನ್ನು ಮೊದಲ ದಿನವೇ ಅಳೆಯಬೇಕಿತ್ತು. ಕಂಪನಿ ಅಳೆಯದೆ ಸೀಲಿಂಗ್ ಸ್ಪೀಕರ್ ಹಾಕಿತು, ಹಿಂದಿನ ಸಾಲಿಗೆ ಕೇಳಿಸುತ್ತಿಲ್ಲ ಅಂದಾಗ ವಾಲ್ಯೂಮ್ ಏರಿಸಿತು. ಅದು ಎಂಥ ಕೆಲಸ ಅಂದರೆ, ಒಳಗೆ ಗದ್ದಲ ಹೆಚ್ಚಾಗಿ ಬಾಗಿಲ ಸಂದಿಯಿಂದ, ಎಸಿ ಡಕ್ಟಿನಿಂದ ಕಾರಿಡಾರಿಗೆ ಮಾತು ಸೋರತೊಡಗಿತು! ಒಳಗೆ ಕಡಿಮೆ ವಾಲ್ಯೂಮಿನಲ್ಲಿ ಸ್ಪಷ್ಟ ಕೇಳಿದರೆ ಮಾತ್ರ ಹೊರಗೆ ಕೇಳುವುದು ಕಡಿಮೆ ಆಗುತ್ತದೆ, ಇದು ಗೋಪ್ಯತೆಯದೇ ಭಾಗ. ಜಗಳ ಮಾಡಿದ ಮೇಲೆ ಗೋಡೆಗೆ ಬಟ್ಟೆ ಹೊದಿಸಿದ ಪ್ಯಾನೆಲ್, ನೆಲಕ್ಕೆ ಕಾರ್ಪೆಟ್, ಗಾಜಿಗೆ ದಪ್ಪ ಪರದೆ, ಬಾಗಿಲ ಕೆಳಗೆ ತಾನಾಗಿ ಇಳಿಯುವ ರಬ್ಬರ್ ಪಟ್ಟಿ ಬಂತು. ಈಗ ಪರವಾಗಿಲ್ಲ, ಹಿಂದಿನ ಬಲಮೂಲೆ ಇನ್ನೂ ಮಂಕು.

ಖರೀದಿಯವರಿಗೆ ಒಂದು ಮಾತು. 2020ರ ಜುಲೈನಿಂದ ನಮ್ಮ ಜೊತೆ ಭೂಗಡಿ ಇರುವ ದೇಶಗಳ ಕಂಪನಿಗಳು ಸರ್ಕಾರಿ ಟೆಂಡರ್‌ಗೆ ಬರಬೇಕಾದರೆ ಮೊದಲು ನೋಂದಣಿ ಆಗಿರಬೇಕು. ಇದನ್ನು ಬಿಡ್ ಹಾಕುವ ಕಂಪನಿಯ ಮಟ್ಟದಲ್ಲಿ ನೋಡಿ ಸುಮ್ಮನಾಗಬೇಡಿ, ಕ್ಯಾಮೆರಾ ಮತ್ತು ನೆಟ್‌ವರ್ಕ್ ಸ್ವಿಚ್ ಎಲ್ಲಿ ತಯಾರಾಯಿತು ಅಂತ ಒಂದೊಂದಾಗಿ ಬರೆಸಿಕೊಳ್ಳಿ.

ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಕಂಪನಿಯ ಮಾಮೂಲಿ ಷರತ್ತು ಏನೆಂದರೆ, ಕೆಟ್ಟ ಯಂತ್ರವನ್ನು ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋಗುತ್ತೇವೆ ಅಂತ. ರೆಕಾರ್ಡರ್‌ನಲ್ಲಿ ಡಿಸ್ಕ್ ಇರುತ್ತದೆ, ಅದು ಗೇಟ್ ದಾಟುವಂತಿಲ್ಲ. ಡಿಸ್ಕ್ ಇಲ್ಲೇ ಉಳಿಯುತ್ತದೆ, ಬದಲಿ ನೀವೇ ತನ್ನಿ ಅಂತ ಸಹಿಗೆ ಮುಂಚೆ ಬರೆಸಿದೆವು. ಅದಕ್ಕೆ ದರ ಸ್ವಲ್ಪ ಏರಿಸಿದರು, ಒಪ್ಪಿಕೊಂಡೆವು. ಮೈಕ್, ಕೆವಿಎಂ ಮತ್ತು ಫೈಬರ್ ಟ್ರಾನ್ಸ್‌ಮಿಟರ್‌ನ ಒಂದೊಂದು ಹೆಚ್ಚುವರಿ ಸೆಟ್ ಕೂಡ ಮೊದಲ ಬಿಲ್ಲಿನಲ್ಲೇ ಸೇರಿಸಿಕೊಳ್ಳಿ, ಆಮೇಲೆ ಬೇರೆ ಕೇಳಿದರೆ ಮಂಜೂರಾತಿಗೆ ಬಹಳ ಕಾಯಬೇಕಾಗುತ್ತದೆ.