ಎಲೆಗೊಬ್ಬರ ಚೆನ್ನಾಗಿದೆ, ಉಂಡೆ ಹುಳಕ್ಕೆ ಹೆದರಬೇಡಿ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ರಸ್ತೆಯ ಈ ನರ್ಸರಿಯಿಂದಲೇ ನಮ್ಮ ತಾರಸಿ ತೋಟಕ್ಕೆ ಎಲೆಗೊಬ್ಬರ ತರಿಸುತ್ತೇನೆ. 20 ಕೆ.ಜಿ. ಚೀಲಕ್ಕೆ 260 ರೂಪಾಯಿ. ಹೊಂಗೆ ಎಲೆ, ಮಾವಿನ ಎಲೆ, ಸ್ವಲ್ಪ ಸಗಣಿ ಸೇರಿಸಿ ಕೊಳೆಸಿದ್ದು. ಹುಳಿ ವಾಸನೆ ಇಲ್ಲ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕುವುದಿಲ್ಲ. ಬದನೆ, ಟೊಮೆಟೊ ಎರಡಕ್ಕೂ ಚೆನ್ನಾಗಿ ಹಿಡಿಸಿದೆ.

ಇಲ್ಲಿ ಒಂದು ಸ್ಟಾರ್ ಕೊಟ್ಟವರ ದೂರೆಲ್ಲ ಒಂದೇ: ಚೀಲದ ತುಂಬ ಹುಳ. ಬೂದು ಬಣ್ಣ, ಬೆನ್ನ ಮೇಲೆ ಪಟ್ಟಿ ಪಟ್ಟಿ ಚಿಪ್ಪು, ಮುಟ್ಟಿದ ಕೂಡಲೇ ಉಂಡೆಯಾಗುತ್ತದಲ್ಲ, ಅದು. ಅದಕ್ಕೋಸ್ಕರ ಗೊಬ್ಬರ ವಾಪಸ್ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇದು ಕೀಟವೇ ಅಲ್ಲ, ಸಿಗಡಿ, ಏಡಿಗಳ ಬಳಗ. ಕಾಲು 14. ಹೊಟ್ಟೆಯ ಕೆಳಗೆ, ಹಿಂಭಾಗದಲ್ಲಿ ಕಿವಿರಿನಂಥ ಅಂಗಗಳಿವೆ. ಅವು ಒದ್ದೆಯಾಗಿದ್ದರೆ ಮಾತ್ರ ಉಸಿರಾಟ. ಹಾಗಾಗಿ ಹಗಲೆಲ್ಲ ಕುಂಡದ ಅಡಿಯಲ್ಲಿ ಅಡಗಿದ್ದು ರಾತ್ರಿ ಹೊರಗೆ ಬರುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತದೆ. ಮಲೆನಾಡಿನಲ್ಲಿ ಗೋಲಿಯಷ್ಟು ದಪ್ಪಗೆ ಉಂಡೆಯಾಗುವ ಇನ್ನೊಂದು ಪ್ರಾಣಿ ಸಿಗುತ್ತದೆ. ಅದು ಸಹಸ್ರಪದಿಯ ಜಾತಿ, ಕಾಲು ಇನ್ನೂ ಜಾಸ್ತಿ.

ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಸ್ವಲ್ಪ ಹೊತ್ತು ಅಲುಗಾಡುವುದಿಲ್ಲ. ಆಮೇಲೆ ಉಂಡೆ ಕೂದಲೆಳೆಯಷ್ಟು ಬಿಚ್ಚಿಕೊಂಡು ಮೀಸೆ ಆಚೆ ಬರುತ್ತದೆ. ನಮ್ಮ ಕರಿಬೇವಿನ ಕುಂಡದ ತಟ್ಟೆಯಲ್ಲಿ ಒಂದಿತ್ತು, ಹಿಂದಿನ ಅರ್ಧ ಒಂದು ಬಣ್ಣ, ಮುಂದಿನ ಅರ್ಧ ಇನ್ನೊಂದು. ರೋಗವಲ್ಲ, ಪೊರೆ ಬಿಡುತ್ತಿತ್ತು. ಇದು ಪೊರೆಯನ್ನು ಎರಡು ಸಲಕ್ಕೆ ಬಿಡುತ್ತದೆ, ಮೊದಲು ಹಿಂದಿನದು, ಆಮೇಲೆ ಮುಂದಿನದು. ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಹೊಸ ಚಿಪ್ಪಿಗೆ ಬೇಕಲ್ವಾ! ತಾಯಿ ಮೊಟ್ಟೆಗಳನ್ನು ಎಲ್ಲೋ ಇಟ್ಟು ಹೋಗುವುದಿಲ್ಲ. ಹೊಟ್ಟೆಯಡಿಯ ಚೀಲದಲ್ಲಿ ಹೊತ್ತುಕೊಂಡೇ ತಿರುಗುತ್ತದೆ. ಆ ಚೀಲದಿಂದ ಹೊರಬರುವ ಮರಿಗೆ ಕಾಲು 12 ಮಾತ್ರ. ಕೊನೆಯ ಜೋಡಿ ಪೊರೆ ಬಿಟ್ಟ ಮೇಲೆ ಬರುತ್ತದೆ. ಇಷ್ಟು ಚಿಕ್ಕ ಜೀವದ ಬಾಳಾಟ ನೋಡಿದ ಮೇಲೆ ಅದನ್ನು ಚಪ್ಪಲಿಯಲ್ಲಿ ಹೊಸಕಲು ಮನಸ್ಸು ಬರುವುದಿಲ್ಲ.

ಇದಕ್ಕೆ ಮುಖ್ಯ ಊಟ ಕೊಳೆತ ಎಲೆ. ಗೊಬ್ಬರ ಪುಡಿಯಾಗುವುದರಲ್ಲಿ ಇದರ ಪಾಲೂ ಇದೆ. ಕಚ್ಚುವುದಿಲ್ಲ, ಮನೆಯೊಳಗೆ ಬಂದರೂ ಏನೂ ಮಾಡುವುದಿಲ್ಲ. ಆದರೆ ಒದ್ದೆ ಜಾಗದಲ್ಲಿ ಸಂಖ್ಯೆ ಮಿತಿಮೀರಿದರೆ ಎಳೆ ಮೊಳಕೆ, ಮಣ್ಣಿಗೆ ತಾಗಿದ ಹಣ್ಣು ತಿನ್ನುವುದುಂಟು. ಕೊತ್ತಂಬರಿ, ಸೊಪ್ಪಿನ ಬೀಜ ಹಾಕುವವರು ಗೊಬ್ಬರವನ್ನು ಮೊದಲು ಬಿಸಿಲಿಗೆ ಹರಡಿ. ಕುಂಡದಲ್ಲಿ ಆಗಲೇ ಜಾಸ್ತಿ ಇದ್ದರೆ ಸಂಜೆ ಅರ್ಧ ಆಲೂಗಡ್ಡೆಯನ್ನು ಮಣ್ಣಿನ ಮೇಲೆ ಕವುಚಿಡಿ. ಬೆಳಿಗ್ಗೆ ಅದರಡಿ ಸೇರಿದ್ದನ್ನು ಎತ್ತಿ ಕಾಂಪೋಸ್ಟ್ ಡಬ್ಬಕ್ಕೆ ಹಾಕಿದರಾಯಿತು. ಔಷಧಿ ಸುಮ್ನೆ ದಂಡ.

ನನ್ನ ತಕರಾರು ಬೇರೆ. ಮಳೆಗಾಲದಲ್ಲಿ ರಾಶಿಗೆ ಟಾರ್ಪಾಲ್ ಹೊದಿಸುವುದಿಲ್ಲ. ತೂಕಕ್ಕೆ ಮಾರುವ ಮಾಲು, ಅರ್ಧ ದುಡ್ಡು ನೀರಿಗೇ ಹೋಗುತ್ತದೆ. ಪ್ಲಾಸ್ಟಿಕ್ ಚೂರುಗಳೂ ಸಿಕ್ಕಿವೆ. ಹೇಳಿದ್ದಕ್ಕೆ "ಮುಂದಿನ ಸಲ ಆರಿಸಿ ಕೊಡ್ತೀನಿ ಅಕ್ಕಾ" ಅಂದರು, ಚೂರುಗಳು ಈಗಲೂ ಬರುತ್ತಿವೆ. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೇ. ಜರಡಿ ಹಿಡಿದ ಗೊಬ್ಬರ ಬೇಕಿದ್ದರೆ ಚೀಲಕ್ಕೆ 40 ರೂಪಾಯಿ ಜಾಸ್ತಿ. ಗುಲಾಬಿ, ಕರಿಬೇವು, ನಿಂಬೆಗೆ ಜರಡಿ ಹಿಡಿಯದ್ದೇ ಸಾಕು.